ಎರಡು ಇಂಜಿನ್ನು, ನೂರು ಖಡಕ್ ರೊಟ್ಟಿ

ಜುಲೈ ತಿಂಗಳ ಮೂರನೇ ಭಾನುವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ, ಆಳಂದದಲ್ಲಿ ನಮ್ಮ ಮನೆಯ ಮುಂದಿನ ಅಂಗಳ. ಹಾಜರಿದ್ದವರು ನಾನು, ನನ್ನ ಹೆಂಡತಿ ಮತ್ತು ಟ್ರ್ಯಾಕ್ಟರ್ ರಿಪೇರಿ ಮಾಡುವ ಮೇಸ್ತ್ರಿ. ಮೇಸ್ತ್ರಿ ಹತ್ತು ನಿಮಿಷ ತಡವಾಗಿ ಬಂದ.

"ಆರಕ್ಕ ಅಂದ್ರ ಆರಕ್ಕ," ಎಂದೆ.

"ಆರಕ್ಕೇ ಬಂದೇನ್ರಿ ಸರ. ನಿಮ್ಮ ಗಡಿಯಾರ ಹತ್ತು ನಿಮಿಷ ಮುಂದ ಅದ. ಶಾಲ್ಯಾಗೂ ಹಂಗೇ ಇತ್ತು," ಎಂದ.

ಅವನ ಮಾತು ನಿಜ. ನಾನು ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಮೇಸ್ತ್ರಿ ನನ್ನ ಕೈಯಲ್ಲಿ ಐದು ವರ್ಷ ಕವಾಯತು ಮಾಡಿದವನು. ಈಗ ಅವನಿಗೆ ನಲವತ್ತೈದು ದಾಟಿದೆ, ಹೊಟ್ಟೆ ಬಂದಿದೆ. ಆದರೂ ನನ್ನ ಮುಂದೆ ನಿಂತರೆ ಎರಡು ಹಿಮ್ಮಡಿಗಳನ್ನು ಕೂಡಿಸಿಯೇ ನಿಲ್ಲುತ್ತಾನೆ.

ಸಭೆ ಸೇರಿದ್ದರ ಕಾರಣ ಇಷ್ಟು. ಮಟಕಿ ಊರಿನ ನಮ್ಮ ಹೊಲದ ಶೆಡ್ಡಿನಲ್ಲಿ ನನ್ನ ಹೆಂಡತಿ ಹನ್ನೊಂದು ಹೆಣ್ಣುಮಕ್ಕಳ ಜೊತೆ ಸೇರಿ ಜೋಳದ ರೊಟ್ಟಿ ಬಡಿಯುತ್ತಾಳೆ. ಕಡಗಂಚಿಯ ಒಂದು ಖಾನಾವಳಿಗೆ ದಿನಕ್ಕೆ ಮುನ್ನೂರು ಖಡಕ್ ರೊಟ್ಟಿ ಹೋಗಬೇಕು. ಶೆಡ್ಡಿನಿಂದ ಡಾಂಬರು ರಸ್ತೆಯವರೆಗೆ ಒಂದೂವರೆ ಕಿಲೋಮೀಟರು ಯರಿ ಮಣ್ಣಿನ ಹಾದಿ. ಬೇಸಿಗೆಯಲ್ಲಿ ಕಲ್ಲಿನಂತಿರುವ ಆ ಮಣ್ಣು ಮಳೆ ಬಿದ್ದರೆ ಅಂಟಾಗಿ, ನಡೆಯುವವರ ಚಪ್ಪಲಿಯನ್ನು ತಾನೇ ಇಟ್ಟುಕೊಳ್ಳುತ್ತದೆ. ನಮ್ಮ ಸಣ್ಣ ಕಾರು ಆ ವಾರ ಅಲ್ಲಿ ಮೂರು ಸಲ ಸಿಕ್ಕಿಬಿದ್ದಿತ್ತು. ಒಂದು ದಿನ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ತಂದು ನೋಡಿದೆವು. ಖಾನಾವಳಿಯ ಮಾಲಕ ಬುಟ್ಟಿಯ ಬಟ್ಟೆ ಸರಿಸಿ, "ಅಕ್ಕಾರ, ಇದನ್ನ ತಾಟಿಗೆ ಬಡಸಲ್ಯೋ, ಕೋಳಿಗೆ ಹಾಕಲ್ಯೋ?" ಎಂದು ಬಹಳ ಮರ್ಯಾದೆಯಿಂದ ಕೇಳಿದ್ದ.

ಶುಕ್ರವಾರ ಅವನೇ ಫೋನ್ ಮಾಡಿದ. "ಈ ವಾರ ಎರಡು ದಿನ ರೊಟ್ಟಿ ಬಂದಿಲ್ರಿ ಅಕ್ಕಾರ. ಐತವಾರ ಸಂಜಿ ಏಳಕ್ಕ ಕಾಲೇಜ್ ಹುಡುಗರು ಊರಿಂದ ವಾಪಸ್ ಬರ್ತಾರ. ಅವತ್ತೂ ತಪ್ಪಿತಂದ್ರ ಸೋಮವಾರದಿಂದ ನಾನು ಕಲಬುರಗಿ ಮಷಿನ್ ರೊಟ್ಟಿ ಹಚ್ಚತೇನಿ. ಸಿಟ್ಟಾಗಬ್ಯಾಡ್ರಿ."

ನನ್ನ ಹೆಂಡತಿ ಅವನ ಮೇಲೆ ಸಿಟ್ಟಾಗಲಿಲ್ಲ. ಫೋನ್ ಇಟ್ಟು ನನ್ನ ಕಡೆ ತಿರುಗಿದಳು. ಹಳೆಯ ಫೋರ್-ವೀಲ್ ಜೀಪೊಂದನ್ನು ಕೊಳ್ಳುವುದೆಂದು ತೀರ್ಮಾನವಾಗಿ ಮೂರು ವಾರ ಆಗಿತ್ತು. ಪೆಟ್ರೋಲ್ ಇಂಜಿನ್ನೋ ಡೀಸೆಲ್ ಇಂಜಿನ್ನೋ ಎಂಬುದನ್ನು ಮಾತ್ರ ನಾನು ಇನ್ನೂ ಅಭ್ಯಾಸ ಮಾಡುತ್ತಿದ್ದೆ.

"ಐತವಾರ ಹೋಗೂದು, ಒಂದು ಗಾಡಿ ತರೂದು," ಎಂದಳು. "ಅದು ಯಾವ ಎಣ್ಣಿ ಕುಡದ್ರೂ ನನಗ ನಡೀತದ. ಕುಸುಬಿ ಎಣ್ಣಿ ಕುಡದ್ರೂ ಅಡ್ಡಿಲ್ಲ."

ಹೀಗಾಗಿ ಭಾನುವಾರ. ಅಫಜಲಪುರದಲ್ಲಿ ಒಂದು ಡೀಸೆಲ್ ಜೀಪು, ಜೇವರ್ಗಿಯಲ್ಲಿ ಒಂದು ಪೆಟ್ರೋಲ್ ಜೀಪು ಮಾರಾಟಕ್ಕಿದ್ದವು. ನಾನು ಇಪ್ಪತ್ತು ಅಂಶಗಳ ಒಂದು ತಃಖ್ತೆ ಮಾಡಿದ್ದೆ, ಅಂಶಕ್ಕೆ ಐದು ಅಂಕ, ಒಟ್ಟು ನೂರು. ಲೀಟರಿಗೆ ಎಷ್ಟು ಓಡುತ್ತದೆ, ಕಡಿಮೆ ವೇಗದಲ್ಲಿ ಎಷ್ಟು ಎಳೆಯುತ್ತದೆ, ಹೊಗೆಯ ಬಣ್ಣ, ಬಿಡಿಭಾಗಗಳು ಆಳಂದದಲ್ಲೇ ಸಿಗುತ್ತವೆಯೇ, ಹೀಗೆ. ಟ್ರ್ಯಾಕ್ಟರಿಗೆಂದು ಹೊಲದಲ್ಲಿ ಡೀಸೆಲ್ ಇದ್ದೇ ಇರುತ್ತದೆ ಎಂಬ ಅಂಶವೂ ಇತ್ತು. ಮೇಸ್ತ್ರಿಗೆ ಈ ತಃಖ್ತೆ ಬೇಕಿರಲಿಲ್ಲ.

"ಡೀಸೆಲ್ ಅಂದ್ರ ಎತ್ತು ಇದ್ದಂಗ್ರಿ ಸರ. ಪೆಟ್ರೋಲ್ ಅಂದ್ರ ಹೊಲಗಿ ಮಷಿನ್. ಚಂದ ಓಡ್ತದ, ಆದ್ರ ಹೊಲ ಹೂಡಂಗಿಲ್ಲ."

ಹೆಂಡತಿ ತಃಖ್ತೆಯನ್ನು ಮೇಲಿನಿಂದ ಕೆಳಗೆ ಓದಿದಳು. "ಇದರಾಗ ರೊಟ್ಟಿ ಎಲ್ಲದ?"

"ರೊಟ್ಟಿ ಇಂಜಿನ್ನಿನ ಭಾಗ ಅಲ್ಲ."

"ನೀವೂ ಅಲ್ರಿ. ಆದ್ರ ನೀವು ಗಾಡ್ಯಾಗ ಕೂಡ್ತೀರಿ, ಅದೂ ಕೂಡ್ತದ."

ಅವಳು ಒಳಗಿನಿಂದ ಎರಡು ಬುಟ್ಟಿ ತಂದಳು. ಒಂದೊಂದರಲ್ಲಿ ಐವತ್ತು ಖಡಕ್ ರೊಟ್ಟಿ, ಮೇಲೆ ಬಿಳಿ ಬಟ್ಟೆ. ಡೀಸೆಲ್ ಜೀಪಿಗೆ ಒಂದು ಬುಟ್ಟಿ, ಪೆಟ್ರೋಲ್ ಜೀಪಿಗೆ ಇನ್ನೊಂದು. ಕಾರಿನಲ್ಲಿ ಎರಡನ್ನೂ ಅವಳೇ ತೊಡೆಯ ಮೇಲಿಟ್ಟುಕೊಂಡಳು. ಪರೀಕ್ಷೆಯ ಸಾಮಗ್ರಿ ಎರಡೂ ಕಡೆ ಸಮನಾಗಿದ್ದುದರಿಂದ ನನ್ನ ಆಕ್ಷೇಪಣೆ ಇರಲಿಲ್ಲ.

ಎಂಟು ಗಂಟೆಗೆ ಅಫಜಲಪುರ ತಲುಪಿದೆವು. ಜೀಪಿನ ಮಾಲಕರು ಕಬ್ಬು, ತೊಗರಿ ಬೆಳೆಯುವ ದೊಡ್ಡ ಒಕ್ಕಲುತನದವರು. ಜೀಪನ್ನು ತೊಳೆಸಿ, ಬಾನೆಟ್ಟಿಗೆ ವಿಭೂತಿ ಹಚ್ಚಿಸಿ, ಅದರ ಪಕ್ಕ ತಾವೂ ಹಣೆಗೆ ವಿಭೂತಿ ಹಚ್ಚಿ ನಿಂತಿದ್ದರು. ಕೀಲಿ ತಿರುವಿದೊಡನೆ ಮಾಳಿಗೆಯ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿದವು. ಮೇಸ್ತ್ರಿ ಕಣ್ಣು ಮುಚ್ಚಿ, ಭಜನೆ ಕೇಳುವವನಂತೆ ತಲೆಯಾಡಿಸಿದ.

"ಇದು ಗಾಡಿ ಅಲ್ರಿ ಮಾಸ್ತರ್ರ, ಆನಿ," ಎಂದರು ಮಾಲಕರು.

ಮೇಸ್ತ್ರಿ ಆಯಿಲ್ ಹಾಕುವ ಮುಚ್ಚಳ ತೆಗೆದು, ಒಳಗಿನಿಂದ ಹೊಗೆ ಉಗುಳುತ್ತದೆಯೇ ಎಂದು ನೋಡಿದ. ಉಗುಳಲಿಲ್ಲ. ಇಂಜಿನ್ ಗಟ್ಟಿಮುಟ್ಟಾಗಿತ್ತು. ಮೊದಲು ಗಾಡಿ ನಿಂತಲ್ಲೇ ಹತ್ತು ನಿಮಿಷ, ನಂತರ ರಸ್ತೆಯಲ್ಲಿ ಎರಡು ಕಿಲೋಮೀಟರು, ಕೊನೆಗೆ ಕೆಸರಿನಲ್ಲಿ ಐದು ನಿಮಿಷ, ಇದು ನಾನು ಹಾಕಿಕೊಂಡ ಕ್ರಮ. ಹೆಂಡತಿ ಒಂದು ಬುಟ್ಟಿಯನ್ನು ಜೀಪಿನ ಹಿಂಭಾಗದಲ್ಲಿ, ಚಾಲಕನ ಸೀಟಿಗೆ ತಾಗಿಸಿ ಇಟ್ಟಳು. ಮೂರನೆಯ ನಿಮಿಷಕ್ಕೆ ಬುಟ್ಟಿ ಸೀಟನ್ನು ಬಿಟ್ಟಿತು. ಏಳನೆಯ ನಿಮಿಷಕ್ಕೆ ಮೂರು ಗೇಣು ದಾಟಿ ಹಿಂಬಾಗಿಲ ಹತ್ತಿರ ಬಂದಿತ್ತು.

"ಗಾಡಿ ನಿಂತದ, ಬುಟ್ಟಿ ಊರಿಗೆ ಹೊಂಟದ," ಎಂದಳು ಹೆಂಡತಿ.

"ಜರಾ ಅಲ್ಲಾಡ್ತದ್ರಿ ತಾಯಿ," ಎಂದರು ಮಾಲಕರು. "ಜೀವ ಅದ ಅಂತ ಗೊತ್ತಾಗಬೇಕಲ್ಲ."

ಕೆಸರಿನ ಪರೀಕ್ಷೆಯನ್ನು ಕಬ್ಬಿನ ಗದ್ದೆಯ ಅಂಚಿನಲ್ಲಿ ಇಟ್ಟೆ. ನಾನು ಸೀಟಿ ಊದಿದೊಡನೆ ಮೇಸ್ತ್ರಿ ಇಳಿಸಿದ. ಜೀಪು ಒಂದೇ ಉಸಿರಿಗೆ ಕೆಸರನ್ನು ಸೀಳಿಕೊಂಡು ಹೋಗಿ, ನಾಲ್ಕು ನಿಮಿಷದೊಳಗೆ ಆಚೆ ದಡದಲ್ಲಿ ನಿಂತಿತು. ಐದಕ್ಕೆ ಐದು ಅಂಕ ಕೊಟ್ಟೆ. ಆರು ಕೊಡಲು ಅವಕಾಶವಿದ್ದರೆ ಕೊಡುತ್ತಿದ್ದೆ.

ಆಮೇಲೆ ಬುಟ್ಟಿ ಇಳಿಸಿ ಬಟ್ಟೆ ತೆಗೆದೆವು. ಎರಡು ಸಲ ಎಣಿಸಿದೆ. ಐವತ್ತರಲ್ಲಿ ಮೂವತ್ತೊಂದು ಒಡೆದಿದ್ದವು.

"ರೊಟ್ಟಿ ಸರಿ ಒಣಗಿಲ್ಲ ಕಾಣ್ತದ," ಎಂದುಬಿಟ್ಟ ಮೇಸ್ತ್ರಿ.

"ನನ್ನ ರೊಟ್ಟಿ ಒಣಗಿಲ್ಲೇನೋ? ನಿನ್ನ ತಲ್ಯಾಗಿಂದು ಒಣಗ್ಯಾದ."

ಮಾಲಕರು ನಡುವೆ ಬಂದು, ಬುಟ್ಟಿಯ ಕೆಳಗೆ ಒಂದು ಗಾದಿ ಹಾಸಿದರೆ ಸರಿಹೋಗುತ್ತದೆ ಎಂದು ಸಲಹೆ ಕೊಟ್ಟರು.

"ರೊಟ್ಟಿಗಿ ಗಾದಿ ಹಾಸಲ್ಯಾ?" ಎಂದಳು ಹೆಂಡತಿ. "ನನ್ನ ಮದುವ್ಯಾಗ ನನಗೇ ಚಾಪಿ ಹಾಸಿದ್ರು."

ಇದು ನನ್ನ ಮನೆತನದ ವಿಷಯವಾದ್ದರಿಂದ ನಾನು ತಃಖ್ತೆ ತುಂಬುವುದರಲ್ಲಿ ಮಗ್ನನಾದೆ. ಒಳಗಿನಿಂದ ಶೇಂಗಾ ಹಿಂಡಿ, ಗಟ್ಟಿ ಮೊಸರು ಬಂದವು. ಮೂವತ್ತೊಂದು ಒಡೆದ ರೊಟ್ಟಿಯನ್ನು ಮಾಲಕರ ಮನೆಮಂದಿ, ನಾವು ಕೂಡಿ ತಿಂದೆವು. ಮೇಸ್ತ್ರಿ ಏಳು ತಿಂದ. ಒಣಗಿದ ಬಗ್ಗೆ ಮತ್ತೆ ಮಾತೆತ್ತಲಿಲ್ಲ.

ಡೀಸೆಲ್ ಜೀಪಿಗೆ ಬಿದ್ದ ಅಂಕ ಎಂಬತ್ತನಾಲ್ಕು. ಸಂಜೆಯೊಳಗೆ ತಿಳಿಸುತ್ತೇವೆಂದು ಹೇಳಿ ಹೊರಟೆವು. ಜೇವರ್ಗಿಯ ಹಾದಿಯುದ್ದಕ್ಕೂ ಮೇಸ್ತ್ರಿ ಆ ಇಂಜಿನ್ನಿನ ಗುಣಗಾನ ಮಾಡಿದ. ಹೆಂಡತಿ ಉಳಿದ ಬುಟ್ಟಿಯ ಮೇಲೆ ಎರಡೂ ಕೈಯಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಒಮ್ಮೆ ಮಾತ್ರ ಬಾಯಿ ತೆರೆದಳು. "ಏಳು ಗಂಟೆಗೆ ನಾನು ಖಾನಾವಳಿಯಂವಗ ರೊಟ್ಟಿ ಕೊಡಬೇಕ್ರಿ. ನಿಮ್ಮ ಎಂಬತ್ನಾಲ್ಕು ಅಂವ ತಿನ್ನಂಗಿಲ್ಲ."

ಜೇವರ್ಗಿ ತಲುಪಿದಾಗ ಹನ್ನೆರಡೂಕಾಲು. ಪೆಟ್ರೋಲ್ ಜೀಪು ಒಬ್ಬ ದನದ ಡಾಕ್ಟರಬಾಯಿಯದು. ಹಳ್ಳಿಹಳ್ಳಿಗೆ ಹೋಗಿ ಎಮ್ಮೆಗಳ ಹೆರಿಗೆ ಮಾಡಿಸುತ್ತಿದ್ದವರು. ಈಗ ಕಲಬುರಗಿಯಲ್ಲಿ ಪ್ರಯೋಗಾಲಯದ ಕೆಲಸ, ಜೀಪಿನ ಅಗತ್ಯವಿಲ್ಲ. ಸ್ಟಿಯರಿಂಗಿನ ಮುಂದೆ ಒಂದು ಸಣ್ಣ ಬುದ್ಧನ ಮೂರ್ತಿ ಅಂಟಿಸಿದ್ದರು. ನಾನು ಕೇಳುವ ಮೊದಲೇ ಅವರು ದೋಷಗಳನ್ನು ಹೇಳತೊಡಗಿದರು.

"ಪೆಟ್ರೋಲ್ ಭಾಳ ಕುಡೀತದ್ರಿ ಸರ. ರೋಡಿನ ಮ್ಯಾಲ ಲೀಟರಿಗೆ ಹತ್ತು ಕೊಡ್ತದ, ಮಣ್ಣಿಗಿಳದ್ರ ಎಂಟೂ ಇಲ್ಲ. ಎಡಗಡಿ ಬಾಗಿಲಾ ಒಳಗಿಂದ ತೆಗಿಯಂಗಿಲ್ಲ. ಹಿಂದಿನ ತಗ್ಗು ಎಮ್ಮಿ ಒದ್ದದ್ದು."

ಮಾರುವವರ ಸತ್ಯಕ್ಕೆ ನನ್ನ ತಃಖ್ತೆಯಲ್ಲಿ ಅಂಕಣವಿರಲಿಲ್ಲ. ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದ. "ಇಷ್ಟು ಖರೇ ಹೇಳಾಕತ್ತಾರಂದ್ರ ಇನ್ನೂ ದೊಡ್ಡದೇನೋ ಮುಚ್ಚಿಟ್ಟಾರ್ರಿ ಸರ."

ಅವನು ಹೋಗಿ ಕೀಲಿ ತಿರುವಿದ. ಏನೂ ಕೇಳಿಸಲಿಲ್ಲವೆಂದು ಮತ್ತೆ ತಿರುವಿದ. ಇಂಜಿನ್ ಕಿರ್ರೆಂದು ಚೀರಿತು.

"ಚಾಲೂ ಅದ್ರಿ ಅಣ್ಣಾರ," ಎಂದರು ಡಾಕ್ಟರಬಾಯಿ.

"ಸಪ್ಪಳನ ಇಲ್ಲಲ್ರಿ," ಎಂದ ಮೇಸ್ತ್ರಿ. ಸಪ್ಪಳವಿಲ್ಲದ ಇಂಜಿನ್ ಅವನ ಪಾಲಿಗೆ ನಾಡಿ ಸಿಗದ ರೋಗಿ.

ನಿಂತಲ್ಲಿ ಹತ್ತು ನಿಮಿಷ. ಬುಟ್ಟಿ ಇಟ್ಟಲ್ಲೇ ಇತ್ತು. ರಸ್ತೆಯ ಎರಡು ಕಿಲೋಮೀಟರು ಮುಗಿಯಿತು. ಜೀಪಿನ ಸ್ಪ್ರಿಂಗುಗಳು ಬಿರುಸಾಗಿದ್ದವು, ತಗ್ಗು ಬಂದಲ್ಲಿ ನಾನೇ ಒಂದು ಗೇಣು ಹಾರಿದೆ. ಅದನ್ನೂ ಬರೆದುಕೊಂಡೆ. ಉಳಿದದ್ದು ಕೆಸರು. ಡಾಕ್ಟರಬಾಯಿಯ ಮನೆಯ ಹಿಂದೆ, ಹಿಂದಿನ ದಿನದ ಮಳೆಗೆ ನೆನೆದು ದನಗಳು ತುಳಿದ ಹೊಲವಿತ್ತು. ಅಫಜಲಪುರದ್ದಕ್ಕಿಂತ ಆಳವಾದ ಕೆಸರು. ಬುಟ್ಟಿ ಜೀಪಿನಲ್ಲೇ ಇತ್ತು. ನಾನು ಸೀಟಿ ಊದಿದೆ, ಮೇಸ್ತ್ರಿ ಇಳಿಸಿದ.

ಅವನು ಮುಖ ಗಂಟು ಹಾಕಿಕೊಂಡು ನಿಧಾನವಾಗಿ ಓಡಿಸಿದ. ಆದರೆ ಜೀಪು ಎಲ್ಲೂ ತಡೆಯದೆ ಸಾಗುತ್ತಿತ್ತು. ನಟ್ಟನಡುವೆ, ಕೆಸರು ಅತ್ಯಂತ ಆಳವಾಗಿದ್ದ ಜಾಗಕ್ಕೆ ಬಂದಾಗ ನನ್ನ ಕೈಗಡಿಯಾರದಲ್ಲಿ ಐದು ನಿಮಿಷ ತುಂಬಿತು. ಸಮಯ ಮುಗಿಯಿತೆಂದು ಸೀಟಿ ಊದಿದೆ. ಮೇಸ್ತ್ರಿ ಗಕ್ಕನೆ ಬ್ರೇಕು ಹಾಕಿದ.

ಕೆಸರಿನಲ್ಲಿ ಓಡುವ ಗಾಡಿಯನ್ನು ನಿಲ್ಲಿಸಬಾರದೆಂಬುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಸೀಟಿ ಊದಿದಾಗ ಎತ್ತಿದ ಕಾಲು ಎತ್ತಿದಲ್ಲೇ ನಿಲ್ಲಬೇಕು ಎಂದು ಅವನಿಗೆ ಕಲಿಸಿದವನು ನಾನು. ಎದ್ದು ಬಿದ್ದು ಕಲಿತ ವಿದ್ಯೆ ಅದು. ನಾಲ್ಕೂ ಗಾಲಿ ಸಾವಕಾಶವಾಗಿ ಇಳಿಯತೊಡಗಿದವು. ಮೇಸ್ತ್ರಿ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು ಮುಂದಿನ ಆಜ್ಞೆಗೆ ಕಾದು ಕುಳಿತ.

"ಯಾಕ ನಿಂತೀಯೋ?" ಎಂದು ಹೆಂಡತಿ ದಂಡೆಯಿಂದ ಕೂಗಿದಳು.

"ಸರ ಸೀಟಿ ಹೊಡದ್ರರಿ."

"ಹೊಡದ್ರ?"

"ನಿಂತೆರಿ."

"ಶಾಲಿ ಬಿಟ್ಟು ಮೂವತ್ತು ವರ್ಷ ಆತಲ್ಲೋ."

"ಸೀಟಿ ಅದೇ ಅದರಿ ಅಕ್ಕಾರ."

ಡಾಕ್ಟರಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ತಃಖ್ತೆ ತೆಗೆದು 'ಕೆಸರಿನಲ್ಲಿ ಎಳೆತ' ಎಂಬ ಅಂಶದ ಮುಂದೆ ಪೆನ್ನಿಟ್ಟೆ.

"ಏನು ಬರಿಯಾಕತ್ತೀರಿ?" ಎಂದಳು ಹೆಂಡತಿ.

"ಸೊನ್ನೆ. ಸಿಕ್ಕಿಬಿತ್ತಲ್ಲ."

"ಗಾಡಿ ಸಿಕ್ಕಿಬಿತ್ತೋ, ನೀವು ಸಿಗಿಸಿದ್ರೋ?"

ಪೆನ್ನು ಅಲ್ಲೇ ನಿಂತಿತು. ತೀರ್ಪುಗಾರನಿಂದ ಓಟಗಾರನಿಗೆ ಅಡ್ಡಿಯಾದರೆ ಆ ಓಟವನ್ನು ಮತ್ತೆ ನಡೆಸಬೇಕು. ತಾಲ್ಲೂಕು ಕ್ರೀಡಾಕೂಟಗಳಲ್ಲಿ ಈ ನಿಯಮವನ್ನು ನಾನು ಬೇರೆ ಮಾಸ್ತರರಿಗೆ ಎಷ್ಟು ಸಲ ಓದಿ ಹೇಳಿದ್ದೇನೋ ಲೆಕ್ಕವಿಲ್ಲ. ಅದನ್ನು ನನಗೇ ಓದಿ ಹೇಳುವವರು ಈವರೆಗೆ ಸಿಕ್ಕಿರಲಿಲ್ಲ. ಸೊನ್ನೆ ಬರೆಯದೆ ಪೆನ್ನು ಮುಚ್ಚಿದೆ.

"ಮತ್ತೊಮ್ಮೆ," ಎಂದೆ.

"ಮತ್ತೊಮ್ಮೆ ಮಾಡಾಕ ಮೊದಲು ಅದನ್ನ ಹೊರಗ ತರಬೇಕಲ್ರಿ ಸರ," ಎಂದರು ಡಾಕ್ಟರಬಾಯಿ. ಚಪ್ಪಲಿ ಬಿಚ್ಚಿಟ್ಟು, ಸೆರಗು ಸಿಗಿಸಿ ಕೆಸರಿಗಿಳಿದರು. ಮೇಸ್ತ್ರಿಯನ್ನು ಪಕ್ಕದ ಸೀಟಿಗೆ ಸರಿಸಿ, ಎಳೆತ ಹೆಚ್ಚಿಸುವ, ಗೇರಿನ ಪಕ್ಕದ ಸಣ್ಣ ಹಿಡಿಕೆಯನ್ನು ಹಿಂದಕ್ಕೆಳೆದರು. ಜೀಪನ್ನು ಒಂದು ಮೊಳ ಹಿಂದೆ, ಒಂದು ಮೊಳ ಮುಂದೆ, ತೊಟ್ಟಿಲು ತೂಗಿದಂತೆ ನಾಲ್ಕು ಸಲ ತೂಗಿದರು. ಐದನೆಯ ಸಲಕ್ಕೆ ಅದು ಗಾಲಿಯ ಗುಂಡಿಯಿಂದ ಮೇಲೆದ್ದು ನೇರ ದಂಡೆಗೆ ಬಂತು.

"ಹಗುರ ಅದ್ರಿ, ಅದಕ್ಕ ಬೇಗ ಮ್ಯಾಲೇಳ್ತದ," ಎಂದರು. "ಕಾಲು ಮಾತ್ರ ಒಂದೇ ಸಮ ಇಡಬೇಕು. ಒತ್ತಬಾರದು, ಬಿಡಬಾರದು."

ಮೇಸ್ತ್ರಿ ಎಡಗಡೆಯ ಬಾಗಿಲಿನ ಹಿಡಿಕೆಯನ್ನು ಒಳಗಿನಿಂದ ತಿರುವುತ್ತ ಕುಳಿತಿದ್ದ. ನಾನು ಹೋಗಿ ಹೊರಗಿನಿಂದ ತೆಗೆದೆ. ಇಳಿದವನು ನನ್ನ ಮುಖ ನೋಡಲಿಲ್ಲ, ಬಗ್ಗಿ ಗಾಲಿಗಳನ್ನು ನೋಡಿದ. "ಎಳದ್ಹಂಗೂ ಕಾಣಲಿಲ್ಲ, ಬಂತಲ್ರಿ," ಎಂದ.

ಬುಟ್ಟಿಯ ಬಟ್ಟೆ ತೆಗೆದೆವು. ಐವತ್ತರಲ್ಲಿ ಒಡೆದದ್ದು ನಾಲ್ಕು. ಕೆಸರಾದ ಕೈ ತೊಳೆದುಕೊಂಡು ಬಂದ ಡಾಕ್ಟರಬಾಯಿ ಅದರಲ್ಲಿ ಒಂದನ್ನು ಎತ್ತಿಕೊಂಡರು.

ಆದರೆ ಅಂಕ ಕೂಡಿಸಿದರೆ ಪೆಟ್ರೋಲ್ ಜೀಪಿಗೆ ಎಪ್ಪತ್ತೊಂಬತ್ತು. ಹೊರಗೆ ಬಂದದ್ದನ್ನೇ ಮರು ಓಟವೆಂದು ಎಣಿಸಿ ಕೆಸರಿಗೆ ಐದಕ್ಕೆ ಐದು ಕೊಟ್ಟ ಮೇಲೂ ಅಷ್ಟೇ. ಡೀಸೆಲ್ಲಿಗೆ ಎಂಬತ್ತನಾಲ್ಕು. ನಾನು ಹಾಕಿದ ಕ್ರಮದ ಪ್ರಕಾರ ವಾಪಸ್ಸು ಅಫಜಲಪುರಕ್ಕೆ ಹೋಗಬೇಕು. ಗಂಟೆ ಎರಡಾಗಿತ್ತು. ಹೆಂಡತಿಗೆ ತಃಖ್ತೆ ತೋರಿಸಿದೆ.

ಅವಳು ಜಗಳವಾಡಲಿಲ್ಲ. "ಖಾನಾವಳಿಯಂವ ಇದರಾಗ ಎಷ್ಟು ಅಂಕಣ ನೋಡ್ತಾನ್ರಿ?" ಎಂದು ಕೇಳಿದಳು.

ಸ್ಕೇಲಿಟ್ಟು ಇಪ್ಪತ್ತೊಂದನೆಯ ಸಾಲು ಎಳೆದು 'ರೊಟ್ಟಿ' ಎಂದು ಬರೆದೆ. ಐದು ಅಂಕ ಇಡಲು ಹೋದಾಗ ಅವಳು ಒಪ್ಪಲಿಲ್ಲ. ಬುಟ್ಟಿಯಲ್ಲಿ ಐವತ್ತು ರೊಟ್ಟಿ, ಆದ್ದರಿಂದ ಐವತ್ತು ಅಂಕ. ತಕರಾರು ತೆಗೆಯಲು ನನಗೆ ಆಧಾರ ಸಿಗಲಿಲ್ಲ. ಡೀಸೆಲ್ಲಿಗೆ ಹತ್ತೊಂಬತ್ತು ಸೇರಿ ನೂರಾ ಮೂರು. ಪೆಟ್ರೋಲಿಗೆ ನಲವತ್ತಾರು ಸೇರಿ ನೂರಾ ಇಪ್ಪತ್ತೈದು. ತಾಳೆ ನೋಡಿ ಸಹಿ ಹಾಕಿದೆ.

ಅಫಜಲಪುರಕ್ಕೆ ಫೋನ್ ಮಾಡಿ ತಿಳಿಸಿದೆ. "ಆನಿ ಬಿಟ್ಟು ಆಡು ತಗೊಂಡ್ರಿ ಮಾಸ್ತರ್ರ," ಎಂದರು ಆ ಮಾಲಕರು.

ಹೆಂಡತಿ ಫೋನಿನ ಕಡೆ ಬಗ್ಗಿ, "ಆಡು ರೊಟ್ಟಿ ತುಳಿಯಂಗಿಲ್ರಿ ಅಣ್ಣಾರ," ಎಂದಳು. ಆ ಕಡೆಯಿಂದ ಒಳ್ಳೆಯ ನಗು ಕೇಳಿತು.

ಡಾಕ್ಟರಬಾಯಿ ಕಾಗದಕ್ಕೆ ಸಹಿ ಮಾಡಿ, ಹೆಸರು ಬದಲಾವಣೆಯ ಉಳಿದ ಕೆಲಸವನ್ನು ಮರುದಿನಕ್ಕಿಟ್ಟು ಕೀಲಿ ಕೊಟ್ಟರು. ಎರಡೂ ಮುಕ್ಕಾಲಿಗೆ ಜೇವರ್ಗಿ ಬಿಟ್ಟೆವು. ಮೇಸ್ತ್ರಿ ಜೀಪಿನಲ್ಲಿ, ಅವನ ಪಕ್ಕ ಹೆಂಡತಿ, ಹಿಂದೆ ಕಾರಿನಲ್ಲಿ ನಾನೊಬ್ಬನೇ. ಕಲಬುರಗಿಯಲ್ಲಿ ಪೆಟ್ರೋಲ್ ಹಾಕಿಸಲು ನಿಂತಾಗ ಮೇಸ್ತ್ರಿ ಜೀಪಿಗೆ ಬೆನ್ನು ತಿರುಗಿಸಿ, ಮೀಟರಿನ ಅಂಕಿ ಓಡುವಷ್ಟು ಹೊತ್ತೂ ಆಕಾಶ ನೋಡುತ್ತ ನಿಂತಿದ್ದ. ಪರಿಚಯದವರು ಯಾರಾದರೂ ಕಂಡಾರೆಂಬ ಭಯವಿರಬೇಕು.

ಕಡಗಂಚಿ ದಾಟಿ, ಆಳಂದ ದಾಟಿ, ಮಟಕಿಯ ನಮ್ಮ ಹಾದಿಯ ಬಾಯಿಗೆ ಬಂದಾಗ ಐದೂಕಾಲು. ಮಧ್ಯಾಹ್ನ ಅಲ್ಲಿ ಮತ್ತೆ ಮಳೆಯಾಗಿತ್ತು. ಕಾರನ್ನು ಡಾಂಬರಿನ ಮೇಲೆ ಬಿಟ್ಟು, ಪ್ಯಾಂಟು ಮಡಚಿ, ಜೀಪಿನ ಹಿಂದೆ ನಾನು ನಡೆದೆ. ನಾನು ಶೆಡ್ಡು ಮುಟ್ಟುವಷ್ಟರಲ್ಲಿ ಬುಟ್ಟಿಗಳು ಹೊರಗೆ ಬಂದಿದ್ದವು. ಏಳು ಬುಟ್ಟಿಗಳಲ್ಲಿ ಮುನ್ನೂರ ಇಪ್ಪತ್ತು ರೊಟ್ಟಿ.

"ಸಪ್ಪಳ ಇಲ್ದ ಬಂದೀರಲ್ರಿ ಬಾಯಾರ," ಎಂದಳು ರೊಟ್ಟಿ ಬಡಿಯುವವರಲ್ಲಿ ಹಿರಿಯಳು. "ನಾವು ಇನ್ನೂ ಟ್ರ್ಯಾಕ್ಟರ್ ದಾರಿ ಕಾಯಾಕತ್ತಿದ್ದೆವು. ಮಾಸ್ತರು ಎಲ್ಲಿ, ಗಾಡ್ಯಾಗ ಜಾಗ ಸಿಗಲಿಲ್ಲೇನು?"

"ಬುಟ್ಟಿಗಿ ಸಿಕ್ಕದ, ಸಾಕು," ಎಂದಳು ಹೆಂಡತಿ.

ಈಗ ತುಂಬಿದ ಗಾಡಿ, ಅದರ ಹಿಂದೆ ಮತ್ತೆ ನಡೆಯುತ್ತ ನಾನು. ಹನ್ನೊಂದು ಹೆಣ್ಣುಮಕ್ಕಳೂ ಶೆಡ್ಡಿನ ಮುಂದೆ ನಿಂತು ನೋಡುತ್ತಿದ್ದರು. ಮಂಗಳವಾರ ಕಾರು ಹೂತುಹೋಗಿದ್ದ ತಿರುವಿನಲ್ಲಿ ಜೀಪಿನ ಹಿಂಭಾಗ ಬದುವಿನ ಕಡೆ ಜಾರಿತು. ಮೇಸ್ತ್ರಿ ಕಾಲನ್ನು ಒತ್ತಲೂ ಇಲ್ಲ, ಬಿಡಲೂ ಇಲ್ಲ. ಗಾಲಿಗಳು ಒಂದು ಸುತ್ತು ಸುಮ್ಮನೆ ತಿರುಗಿ, ಮಣ್ಣು ನನ್ನ ಅಂಗಿಗೆ ಹಾರಿ, ಎರಡನೆಯ ಸುತ್ತಿಗೆ ಹಿಡಿದುಕೊಂಡವು. ಜೀಪು ನೆಟ್ಟಗಾಗಿ ಡಾಂಬರಿನ ಕಡೆ ಸಾಗಿತು. ಹಿಂದೆ ಶೆಡ್ಡಿನ ಕಡೆಯಿಂದ ಹೆಣ್ಣುಮಕ್ಕಳ ಗಲಗಲ ಕೇಳಿತು. ನಾನು ತಿರುಗಿ ನೋಡಲಿಲ್ಲ. ನಗುತ್ತಿದ್ದದ್ದು ಬಹುಶಃ ನನ್ನ ಅಂಗಿಗೆ.

ಕಡಗಂಚಿಯ ಖಾನಾವಳಿ ಮುಟ್ಟಿದಾಗ ಆರು ಐವತ್ತು, ಸರಿಯಾದ ಗಡಿಯಾರದಲ್ಲಿ. ಮಾಲಕ ಹೊರಗೆ ಬಂದು ಜೀಪನ್ನು ಒಂದು ಸುತ್ತು ಹಾಕಿದ. ಬುಟ್ಟಿಗಳನ್ನು ಒಂದೊಂದಾಗಿ ಇಳಿಸಿಕೊಂಡು, ಬಟ್ಟೆ ಸರಿಸಿ, ಒಡೆದದ್ದನ್ನು ಬೇರೆ ಇಡುತ್ತ ಹೋದ. ಹೆಂಡತಿ ಅವನ ಕೈಯನ್ನೇ ನೋಡುತ್ತಿದ್ದಳು. ಬೇರೆ ಇಟ್ಟದ್ದು ಹನ್ನೊಂದು.

"ಹನ್ನೊಂದು ಹ್ವಾದ್ರೂ ಒಂಬತ್ತು ಹೆಚ್ಚೇ ಅದಾವ್ರಿ," ಎಂದಳು.

ಅವನು ಎರಡು ಗಟ್ಟಿ ರೊಟ್ಟಿಗಳನ್ನು ಒಂದಕ್ಕೊಂದು ತಟ್ಟಿ ಸಪ್ಪಳ ಕೇಳಿದ. ಒಳಗೆ ಆಗಲೇ ಊಟಕ್ಕೆ ಕುಳಿತವರ ತಾಟಿನ ಸದ್ದು ಕೇಳುತ್ತಿತ್ತು.

"ನಾಳಿ ಎಷ್ಟು ಗಂಟೆಗಿ ತರ್ತೀರಿ ಅಕ್ಕಾರ?"

ನಾನು ಹನ್ನೊಂದು ಗಂಟೆ ಎನ್ನಲು ಬಾಯಿ ತೆರೆದೆ. "ಹತ್ತೂವರಿಗಿ," ಎಂದಳು ಅವಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. ಆ ಹೊತ್ತಿನಲ್ಲಿ ಒರೆಸಿಕೊಳ್ಳುವಷ್ಟು ಸೆಕೆಯೇನೂ ಇರಲಿಲ್ಲ.

ಖಾಲಿ ಬುಟ್ಟಿಗಳು ಹೊರಗೆ ಬಂದವು. ನಾನು ಬುಟ್ಟಿಗಳ ಪುಡಿ ಕೊಡವಿದೆ, ಮೇಸ್ತ್ರಿ ಬಟ್ಟೆಗಳನ್ನು ಝಾಡಿಸಿದ, ಹೆಂಡತಿ ಮಡಚಿದಳು. ಏಳೂ ಬುಟ್ಟಿಗಳನ್ನು ಒಂದರೊಳಗೊಂದು ಕೂಡಿಸಿ ಜೀಪಿನ ಹಿಂದೆ ಏರಿಸಿ ಬಾಗಿಲು ಹಾಕಿದಾಗ ಏಳು ಗಂಟೆ ಇಪ್ಪತ್ತು ನಿಮಿಷ.